ಜಾಹೀರಲ್ಲದ ಜಾಹೀರಾತು

ಸೊರಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಹಾದಂಗಡಿಯಲ್ಲಿ ನಾವು ಕೂತಿದ್ದಾಗ ಕಿವಿಗೆ ಬಿದ್ದ ಮಾತಿದು. ಶಿರಹಟ್ಟಿಗೆ ಹೋಗಬೇಕಾದ ಬಸ್ಸು ಎಂದಿನಂತೆ ತಡವಾಗಿತ್ತು. ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಹುಡುಗನೊಬ್ಬ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ದೊಡ್ಡ ಮೊಬೈಲು, ಅಂಗಡಿಯ ಚಾಚಾನಿಗೆ ಏನನ್ನೋ ತಿಳಿಹೇಳುತ್ತಿದ್ದ.

"ಚಾಚಾ, ಇನ್ನ ಈ ತಗಡಿನ ಬೋರ್ಡ್ ಯಾರೂ ನೋಡಂಗಿಲ್ಲ. ಗಾಡಿ ಹೊಡಿಯೋರು ಮೊಬೈಲ್ ನೋಡಕೋಂತ ಬರ್ತಾರ. ತಿಂಗಳಿಗೆ ಇಷ್ಟ್ ಅಂತ ಕಟ್ಟಿದ್ರ, ಊರು ಇನ್ನ ಎರಡ್ ಕಿಲೋಮೀಟರ್ ಇರೂದ್ರಾಗ ನಿಮ್ಮ ಅಂಗಡಿ ಹೆಸರು ಅವರ ಕಣ್ಣಿಗೆ ಬೀಳತೈತಿ. ನಾಳೆ ಕಾರಿನ ಪರದೆ ಮ್ಯಾಲೆ ತಾನ ಬರತೈತಿ."

"ಕಟ್ಟಲಿಲ್ಲಂದ್ರ?"

"ಕಟ್ಟಲಿಲ್ಲಂದ್ರ... ಕಟ್ಟಿದವರದು ಮೊದಲ ಬರತೈತಿ."

"ಅಂದ್ರ ನಾ ಇಲ್ಲೇ ಕೂತಿರತೇನಿ, ಆದ್ರ ಇಲ್ಲದಂಗ ಆಗಿರತೇನಿ. ಹೌದಲ್ಲೋ ಬೇಟಾ?"

ಹುಡುಗ ನಕ್ಕ. ಅವನ ತಪ್ಪೇನೂ ಇಲ್ಲ. ದಿನಕ್ಕೆ ಇಷ್ಟು ಅಂಗಡಿ ಹತ್ತಿ ಇಳಿಯಬೇಕೆಂಬ ಗುರಿಯನ್ನು ಯಾರೋ ಅವನ ತಲೆಯ ಮೇಲೆ ಹೊರಿಸಿ ಕಳಿಸಿದ್ದರು. ಬಿಸಿಲಲ್ಲಿ ಬಂದವನೆಂದು ಚಾಚಾ ಅವನ ಚಹಾದ ರೊಕ್ಕ ತೆಗೆದುಕೊಳ್ಳಲಿಲ್ಲ. ಹುಡುಗ ಮುಂದಿನ ಪಂಕ್ಚರ್ ಅಂಗಡಿಗೆ ಹೋದ. ಚಾಚಾನ ಪ್ರಶ್ನೆ ಮಾತ್ರ ನಮ್ಮ ಜೊತೆ ಬಸ್ಸು ಹತ್ತಿತು.

ಇರುವುದು ಬೇರೆ, ಕಾಣುವುದು ಬೇರೆ ಎಂಬ ಕಾಲಕ್ಕೆ ನಾವು ಬಂದು ನಿಂತಿದ್ದೇವೆ. ದಾರಿಬದಿಯಲ್ಲಿ ಅಂಗಡಿ ಇದ್ದರೆ ಅದು ದಾರಿಹೋಕನ ಕಣ್ಣಿಗೆ ಬೀಳುತ್ತಿತ್ತು. ಒಲೆಯ ಹೊಗೆ, ಮಿರ್ಚಿ ಕರಿಯುವ ವಾಸನೆ, ನಿಂತ ನಾಲ್ಕು ಲಾರಿ, ಇವೇ ಅದರ ಜಾಹೀರಾತು. ಈಗ ಇರುವುದಕ್ಕೊಂದು ಬಾಡಿಗೆ, ಕಾಣುವುದಕ್ಕೆ ಮತ್ತೊಂದು ಬಾಡಿಗೆ ಎನ್ನುತ್ತಿದ್ದಾರೆ. ಇದನ್ನು ಬರೀ ವ್ಯಾಪಾರದ ಹೊಸ ಪದ್ಧತಿಯೆಂದು ಒಪ್ಪಿಕೊಂಡು ಸುಮ್ಮನಿರಲು ನಾವು ತಯಾರಿಲ್ಲ.

ಜಾಹೀರಾತು ಎಂಬ ಮಾತನ್ನೇ ಸ್ವಲ್ಪ ನೋಡೋಣ. ಅರಬ್ಬಿಯ 'ಜಾಹಿರ್' ಎಂದರೆ ಬಯಲಾದದ್ದು, ಎಲ್ಲರಿಗೂ ಕಾಣುವಂಥದ್ದು. ಅದರ ಎದುರಿನ ಮಾತು 'ಬಾತಿನ್', ಅಂದರೆ ಒಳಗೆ ಅಡಗಿರುವುದು. ಉರ್ದುವಿನಲ್ಲಿ ಜಾಹೀರಾತಿಗೆ 'ಇಶ್ತಿಹಾರ್' ಎನ್ನುತ್ತಾರೆ. ಅದೂ ಮಶ್‌ಹೂರ್ ಎಂಬ ಮಾತಿನ ಒಡಹುಟ್ಟು. ಕನ್ನಡಕ್ಕೆ ಜಾಹೀರಾತು ಬಂದದ್ದು ಮರಾಠಿಯ ದಾರಿ ಹಿಡಿದು. ಎಷ್ಟು ಭಾಷೆ ದಾಟಿದರೂ ಅದರ ಅರ್ಥ ಒಂದೇ ಉಳಿದಿತ್ತು: ಎಲ್ಲರ ಕಣ್ಣಿಗೆ ಒಂದೇ ರೀತಿ ಕಾಣುವಂತೆ ಬಯಲಲ್ಲಿ ಹೇಳಿದ್ದು. ಈಗ ವಾಹನದೊಳಗೆ ಬಂದು ಒಬ್ಬೊಬ್ಬನ ಕಿವಿಯಲ್ಲಿ ಒಂದೊಂದು ಹೇಳಿ ಹೋಗುವ ಈ ಹೊಸ ಸರಕು ಜಾಹಿರ್ ಅಲ್ಲ, ಬಾತಿನ್. ನಮ್ಮ ತಕರಾರು ಇರುವುದು ಇಲ್ಲಿಯೇ.

ಓದುಗರು ಇದನ್ನು ದೂರದ ಭವಿಷ್ಯದ ಮಾತೆಂದು ತಿಳಿಯಬಾರದು. ವಾಹನಗಳು ತಂತಿಯಿಲ್ಲದೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆಗಾಗಿ ಅಮೆರಿಕದ ಸಂಪರ್ಕ ಆಯೋಗವು 1999ರಲ್ಲಿಯೇ 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ 75 ಮೆಗಾಹರ್ಟ್ಸ್‌ನಷ್ಟು ತರಂಗಾಂತರವನ್ನು ಎತ್ತಿಟ್ಟಿತು. ಅದರ ಮೂಲ ಉದ್ದೇಶ ಒಳ್ಳೆಯದೇ. ಪ್ರತಿ ವಾಹನ ಸೆಕೆಂಡಿಗೆ ಹತ್ತು ಸಲ ತಾನು ಎಲ್ಲಿದ್ದೇನೆ, ಯಾವ ವೇಗದಲ್ಲಿದ್ದೇನೆ, ಬ್ರೇಕು ಒತ್ತಿದ್ದೇನೋ ಇಲ್ಲವೋ ಎಂಬುದನ್ನು ಸುತ್ತಲಿನ ಕೆಲವು ನೂರು ಮೀಟರಿನವರೆಗೆ ಸಾರುತ್ತದೆ. ತಿರುವಿನಾಚೆ ನಿಂತ ಲಾರಿ ಕಣ್ಣಿಗೆ ಕಾಣುವ ಮೊದಲೇ ಹಿಂದಿನ ಕಾರಿಗೆ ತಿಳಿಯುತ್ತದೆ. ರಸ್ತೆ ಬದಿಯ ಕಂಬಗಳಲ್ಲಿ ಕೂರಿಸಿದ ಪೆಟ್ಟಿಗೆಗಳೂ ಈ ಮಾತುಕತೆಯಲ್ಲಿ ಸೇರಿಕೊಳ್ಳುತ್ತವೆ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಇಂಥ ದೇಶದಲ್ಲಿ ಜೀವ ಉಳಿಸುವ ಯಾವ ಯಂತ್ರಕ್ಕೂ ನಾವು ಬೇಡವೆನ್ನುವುದಿಲ್ಲ.

ಆದರೆ ಕಂಬಕ್ಕೆ, ಪೆಟ್ಟಿಗೆಗೆ ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದ್ದಾಗ ಮಾರುಕಟ್ಟೆಯ ಪಂಡಿತರು ತಟ್ಟನೆ ಉತ್ತರ ಕೊಟ್ಟರು: ಜಾಹೀರಾತಿನಿಂದ. 2000ದ ದಶಕದಲ್ಲಿ ಈ ವಿಷಯದ ಮೇಲೆ ದುಡಿದ ಸಂಶೋಧಕರ ಬರಹಗಳಲ್ಲಿ ಅಪಘಾತ ತಪ್ಪಿಸುವ ಮಾತಿನ ಪಕ್ಕದಲ್ಲಿಯೇ ಹೋಟೆಲು, ಪೆಟ್ರೋಲ್ ಬಂಕುಗಳ ಪ್ರಚಾರದ ಮಾತೂ ಇತ್ತು. ಹೋಟೆಲಿನ ಮುಂದಿನ ಕಂಬದಿಂದ ಹೊರಟ ಜಾಹೀರಾತು ಒಂದು ವಾಹನಕ್ಕೆ ಹತ್ತಿ, ಅದರಿಂದ ಇನ್ನೊಂದಕ್ಕೆ ಜಿಗಿದು, ಹೀಗೆ ಮೈಲುಗಟ್ಟಲೆ ಹರಡುತ್ತದೆ. ಹೊತ್ತು ತಿರುಗುವ ವಾಹನದವನಿಗೂ ಇಷ್ಟು ಪ್ರತಿಫಲ ಕೊಟ್ಟರಾಯಿತು ಎಂದು ಲೆಕ್ಕ ಹಾಕಿದರು. ನಮ್ಮ ಕಾರು ನಮ್ಮದಾಗಿದ್ದೂ ಇನ್ನೊಬ್ಬನ ಡಂಗುರದವನಾಗಿ ಕೆಲಸ ಮಾಡಬೇಕೆಂಬ ಏರ್ಪಾಡು ಇದು.

ಈ ಜಾಲ ಅಂದುಕೊಂಡ ಹಾಗೆ ಬೆಳೆಯಲಿಲ್ಲ. 2020ರ ನವೆಂಬರಿನಲ್ಲಿ ಅದೇ ಆಯೋಗ 45 ಮೆಗಾಹರ್ಟ್ಸ್ ಹಿಂದಕ್ಕೆ ಪಡೆದು ವೈ-ಫೈಗೆ ಕೊಟ್ಟಿತು. ಅಷ್ಟರಲ್ಲಿ ಕಂಬ ಮಾಡಬೇಕಾದ ಕೆಲಸವನ್ನು ಮೊಬೈಲು ಮಾಡತೊಡಗಿತ್ತು. ಗೂಗಲ್ ತನ್ನ ನಕ್ಷೆಯಲ್ಲಿ ಹಣ ಕೊಟ್ಟ ಅಂಗಡಿಗಳಿಗೆ ಬೇರೆ ಬಣ್ಣದ ಗುರುತು ಹಾಕುವುದನ್ನು 2016ರಲ್ಲಿ ಪ್ರಕಟಿಸಿತು. ಜನರಲ್ ಮೋಟಾರ್ಸ್ ಕಂಪನಿ 2017ರ ಡಿಸೆಂಬರಿನಲ್ಲಿ ಕಾರಿನ ಪರದೆಯಿಂದಲೇ ಕಾಫಿ, ತಿಂಡಿ ಕೊಳ್ಳುವ ಅಂಗಡಿ ತೆರೆಯಿತು. ಅದರಲ್ಲಿ ಕಂಡ ಹೆಸರುಗಳೆಲ್ಲ ದೊಡ್ಡ ದೊಡ್ಡ ಕಂಪನಿಗಳವು. 2022ರಲ್ಲಿ ಅದನ್ನು ಮುಚ್ಚಿದರು. ರಸ್ತೆಬದಿಯ ಹೋರ್ಡಿಂಗನ್ನು ಕಾರಿನ ಕ್ಯಾಮೆರಾ ಓದಿ ಅದನ್ನು ಒಳಗಿನ ಪರದೆಗೆ ತರುವ ಉಪಾಯಕ್ಕೆ 2021ರಲ್ಲಿ ಫೋರ್ಡ್ ಕಂಪನಿ ಪೇಟೆಂಟ್ ಪಡೆಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಗುರಿ ಬದಲಾಗಿಲ್ಲ.

ನಮ್ಮಲ್ಲಿ? 2021ರ ಫೆಬ್ರವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಯ ಟೋಲುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಕಾರಿನ ಗಾಜಿಗೆ ಅಂಟಿಸಿದ ಆ ಚೀಟಿಯೂ ತಂತಿಯಿಲ್ಲದೆ ಮಾತಾಡುವ ಯಂತ್ರವೇ. 2023ರಲ್ಲಿ ಹೆದ್ದಾರಿ ಪ್ರಾಧಿಕಾರವು ಪ್ರಯಾಣಿಕರಿಗೆಂದು ರಾಜಮಾರ್ಗಯಾತ್ರಾ ಎಂಬ ಆ್ಯಪ್ ತಂದಿತು. ಈ ಎರಡರ ಉದ್ದೇಶವನ್ನು ನಾವು ದೂರುತ್ತಿಲ್ಲ. ದಾರಿ, ವಾಹನ, ಮೊಬೈಲು ಮೂರೂ ಒಂದೇ ಹಗ್ಗದಲ್ಲಿ ಕಟ್ಟಿಸಿಕೊಂಡಾಗಿದೆ, ಅದರ ತುದಿ ನಾಳೆ ಯಾರ ಕೈಗೆ ಹೋಗಬೇಕು ಎಂದು ಕೇಳುವ ಹೊತ್ತು ಇದು ಎನ್ನುತ್ತಿದ್ದೇವೆ ಅಷ್ಟೆ.

ಹೆದ್ದಾರಿಯಲ್ಲಿ ಹೋಗುವಾಗ ಒಂದು ನೀಲಿ ಫಲಕವನ್ನು ಎಲ್ಲರೂ ನೋಡಿರುತ್ತೀರಿ. ನೀಲಿಯ ನಡುವೆ ಬಿಳಿಯ ಚೌಕ, ಅದರೊಳಗೆ ಒಂದು ಕಪ್ಪು ಬಸಿ, ಅಥವಾ ಚಮಚ ಮತ್ತು ಮುಳ್ಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಕಪ್ಪು ಬಸಿ ಇದ್ದರೆ ಚಹಾ-ತಿಂಡಿ ಸಿಗುತ್ತದೆ, ಚಮಚವಿದ್ದರೆ ಊಟ ಸಿಗುತ್ತದೆ ಎಂದರ್ಥ. ಈ ಫಲಕದ ದೊಡ್ಡಗುಣವನ್ನು ನಾವು ಗಮನಿಸಿಯೇ ಇಲ್ಲ. ಅದು ಯಾರ ಚಹಾ ಎಂದು ಹೇಳುವುದಿಲ್ಲ. ಯಾರು ಹೆಚ್ಚು ರೊಕ್ಕ ಕೊಟ್ಟರೆಂದು ಹೇಳುವುದಿಲ್ಲ. ನೋಡುವವನು ಯಾವ ಕಾರಿನಲ್ಲಿ ಬಂದ, ಹೋದ ಸಲ ಎಲ್ಲಿ ಉಂಡ ಎಂದು ಕೇಳುವುದಿಲ್ಲ. ಸೈಕಲ್ಲಿನವನಿಗೂ ಮಂತ್ರಿಯ ಕಾರಿಗೂ ಅದು ಹೇಳುವುದು ಒಂದೇ ಮಾತು: ದಣಿದಿದ್ದೀಯ, ಮುಂದೆ ಚಹಾ ಇದೆ. ಪ್ರಜಾಪ್ರಭುತ್ವವನ್ನು ಒಂದು ಚಿತ್ರದಲ್ಲಿ ಬರೆಯಿರಿ ಎಂದರೆ ನಾವು ಆ ಕಪ್ಪು ಬಸಿಯನ್ನೇ ಬರೆದೇವು.

ಈ ನೆಲಕ್ಕೆ ಇದು ಹೊಸ ಪಾಠವೂ ಅಲ್ಲ. 1190ರ ಆಸುಪಾಸಿನಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳನು ಸೇವುಣರ ಭಿಲ್ಲಮನ ಸೈನ್ಯವನ್ನು ಸೋಲಿಸಿದ್ದು ಇದೇ ಸೊರಟೂರಿನಲ್ಲಿ. ಸೈನ್ಯಗಳು ಹಾದುಹೋದ ದಾರಿಯಲ್ಲಿ ಎತ್ತಿನ ಹೇರು, ಕತ್ತೆಯ ಹೇರು ಹೊತ್ತ ವ್ಯಾಪಾರಿಗಳೂ ಹಾದುಹೋಗಿದ್ದಾರೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಸುಂಕದ ಹೆಸರುಗಳು ಎಷ್ಟಿವೆಯೋ, ಅರವಟ್ಟಿಗೆಗೆ ಬಿಟ್ಟ ದತ್ತಿಗಳ ಮಾತೂ ಅಲ್ಲಿದೆ. ಸುಂಕ ವಸೂಲಿ ಮಾಡಿದ ಪ್ರಭುತ್ವಕ್ಕೂ ದಾರಿಹೋಕನ ಬಾಯಾರಿಕೆಯಿಂದ ಲಾಭ ಮಾಡಬಾರದೆಂಬ ನಾಚಿಕೆ ಇತ್ತು. ನಮ್ಮ ಕಡೆಯ ಮೊಹರಮ್ಮಿನಲ್ಲಿ ನೀರು, ಶರಬತ್ತು ಹಂಚುವ ತಾಣಕ್ಕೆ 'ಸಬೀಲ್' ಎನ್ನುತ್ತಾರೆ. ಸಬೀಲ್ ಎಂದರೆ ಅರಬ್ಬಿಯಲ್ಲಿ ದಾರಿ. ನೀರಿಡುವ ಜಾಗಕ್ಕೆ ದಾರಿ ಎಂದೇ ಹೆಸರಿಟ್ಟ ಜನ ನಾವು. ಜಕಾತ್ ಯಾರಿಗೆ ಸಲ್ಲಬೇಕೆಂಬ ಕುರ್‌ಆನಿನ ಎಂಟು ಬಗೆಯವರ ಪಟ್ಟಿಯಲ್ಲಿ 'ಇಬ್ನುಸ್ಸಬೀಲ್', ದಾರಿಯ ಮಗ, ಅಂದರೆ ಪ್ರಯಾಣಿಕನೂ ಒಬ್ಬ. ಅರವಟ್ಟಿಗೆ, ಸಬೀಲುಗಳ ಕಣ್ಣಿಗೆ ದಾರಿಹೋಕ ಅತಿಥಿ. ಹೊಸ ವ್ಯಾಪಾರಕ್ಕೆ ಅವನೇ ಸರಕು.

ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ನಾವು ಹೇಳಹೊರಟಿಲ್ಲ. 14ನೆಯ ಶತಮಾನದಲ್ಲಿ ನಮ್ಮ ಕರಾವಳಿಯ ದಾರಿಯಲ್ಲಿ ತಿರುಗಿ, ಹೊನ್ನಾವರದಲ್ಲೂ ತಂಗಿದ್ದ ಇಬ್ನ್ ಬತೂತ, ಅರ್ಧ ಮೈಲಿಗೊಂದರಂತೆ ಮರದ ಮನೆಗಳು, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನು ಮೆಚ್ಚಿ ಬರೆದಿದ್ದಾನೆ. ಅವನು ಬರೆದ ಇನ್ನೊಂದು ಸಂಗತಿಯನ್ನು ಸೌಹಾರ್ದದ ಭಾಷಣಕಾರರು ಬಿಟ್ಟುಬಿಡುತ್ತಾರೆ. ನೀರು ಕೊಡುವವನು ತನ್ನವರಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ, ಮುಸಲ್ಮಾನನಿಗೆ ಬೊಗಸೆಗೆ ಸುರಿಯುತ್ತಿದ್ದ. ನಮ್ಮ ಕಾಲದವರೆಗೂ ಎಷ್ಟೋ ಹಳ್ಳಿಗಳ ಚಹಾದಂಗಡಿಯಲ್ಲಿ ದಲಿತರಿಗೆ ಬೇರೆ ಲೋಟವಿತ್ತು. ಮುಸಲ್ಮಾನರ ಅಂಗಡಿಗಳೂ ಈ ಪಾಪದಿಂದ ಪೂರಾ ಹೊರಗಿದ್ದವೆಂದು ನಾವು ಆಣೆ ಮಾಡಲಾರೆವು.

ಆದರೆ ಒಂದು ವ್ಯತ್ಯಾಸವಿದೆ. ಆ ಬೇರೆ ಲೋಟ ಜಾಹೀರಾಗಿತ್ತು. ಗೋಡೆಯ ಹೊರಗೆ, ಮೊಳೆಗೆ ನೇತು ಬಿದ್ದು ಊರಿಗೆಲ್ಲ ಕಾಣುತ್ತಿತ್ತು. ಕಾಣುತ್ತಿದ್ದುದರಿಂದಲೇ ದಲಿತ ಚಳವಳಿಯ ಹುಡುಗರು ಅದರತ್ತ ಬೆರಳು ಮಾಡಿ, ಇದು ಅನ್ಯಾಯ ಎಂದು ಹೇಳಲು ಸಾಧ್ಯವಾಯಿತು. ನಾಳೆ ಕಾರಿನ ಪರದೆಯ ಮೇಲೆ ಒಂದು ಅಂಗಡಿ ಕಾಣದೆ ಹೋದರೆ ಬೆರಳು ಯಾವ ಕಡೆ ಮಾಡುವುದು? ತನ್ನ ಅಂಗಡಿ ಕಾಣಲಿಲ್ಲವೆಂಬುದು ಅಂಗಡಿಯವನಿಗೇ ಗೊತ್ತಾಗುವುದಿಲ್ಲ. ಗಿರಾಕಿ ಕಡಿಮೆಯಾದರೆಂದು ಅವನು ನಸೀಬನ್ನು ಬಯ್ದುಕೊಂಡು ಕೂರುತ್ತಾನೆ. ಪ್ರಯಾಣಿಕನಿಗೂ ತಾನು ಏನನ್ನು ನೋಡಲಿಲ್ಲ ಎಂಬುದು ಗೊತ್ತಿರುವುದಿಲ್ಲ. ಅನ್ಯಾಯ ನಡೆದು, ಅನ್ಯಾಯಕ್ಕೊಳಗಾದವನಿಗೂ ಸಾಕ್ಷಿಗೂ ಸುದ್ದಿಯೇ ಇಲ್ಲದಿರುವ ವ್ಯವಸ್ಥೆ ಇದು.

ನಾವು ಗುಮ್ಮನನ್ನು ತೋರಿಸುತ್ತಿದ್ದೇವೆ ಎನ್ನುವವರು ಇತ್ತೀಚಿನ ನಾಲ್ಕೈದು ವರ್ಷಗಳನ್ನು ನೆನೆಯಲಿ. 2022ರ ಮಾರ್ಚಿನಲ್ಲಿ ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ ಕಡೆಯ ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಜಾಗವಿಲ್ಲವೆಂದು ಬ್ಯಾನರು ಕಟ್ಟಿದರು. ಅದೇ ವರ್ಷದ ಏಪ್ರಿಲ್ 9ರಂದು ನಮ್ಮ ಮಗ್ಗುಲಿನ ಧಾರವಾಡದಲ್ಲಿ, ನುಗ್ಗಿಕೇರಿ ಹನುಮಂತನ ಗುಡಿಯ ಆವರಣದಲ್ಲಿ ಮುದುಕನೊಬ್ಬನ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಒಡೆದ ಕಲ್ಲಂಗಡಿಯ ಚಿತ್ರವನ್ನು ನಾಡೆಲ್ಲ ನೋಡಿತು. ಆ ಮುದುಕನ ಪರವಾಗಿ ಅಳುಕದೆ ಮಾತಾಡಿದವರೂ ಇದೇ ನಾಡಿನ ಹಿಂದೂಗಳು, ಮುಸಲ್ಮಾನರು. ನೋಡಿದ್ದರಿಂದ ಮಾತಾಡಿದರು. ಗಾಡಿಯನ್ನು ಒಡೆಯುವ ಬದಲು ನಕ್ಷೆಯಿಂದ ಅಳಿಸಿದ್ದರೆ ಯಾವ ಪತ್ರಿಕೆಯವನು ಚಿತ್ರ ತೆಗೆಯುತ್ತಿದ್ದ?

2024ರ ಜುಲೈಯಲ್ಲಿ ಉತ್ತರಪ್ರದೇಶದ ಮುಜಫ್ಫರನಗರದ ಪೊಲೀಸರು ಕಾವಡ ಯಾತ್ರೆಯ ದಾರಿಯ ಹೋಟೆಲು, ಗಾಡಿಗಳವರೆಲ್ಲ ಮಾಲೀಕರ, ಕೆಲಸದವರ ಹೆಸರು ಬರೆದು ತೂಗುಹಾಕಬೇಕೆಂದರು. ಆ ತಿಂಗಳ 22ರಂದು ಸುಪ್ರೀಂ ಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಏನು ಆಹಾರ ಸಿಗುತ್ತದೆಂದು ಹೇಳಿಸಬಹುದು, ಹೆಸರು ಹೇಳಿಸುವಂತಿಲ್ಲ ಎಂಬುದು ಆ ಆದೇಶದ ತಿರುಳು. ನೀಲಿ ಫಲಕದ ನ್ಯಾಯವನ್ನೇ ಕೋರ್ಟು ಎತ್ತಿ ಹಿಡಿದಿತ್ತು. ಮರುವರ್ಷ ಏನಾಯಿತು? ಅದೇ ದಾರಿಯ ಅಂಗಡಿಗಳಿಗೆ ಕ್ಯೂಆರ್ ಕೋಡ್ ಅಂಟಿಸಬೇಕೆಂಬ ಆದೇಶ ಬಂತು. ಗೋಡೆಯ ಮೇಲೆ ಬರೆಯಬಾರದೆಂದ ಹೆಸರು ಮೊಬೈಲಿನೊಳಗಿಂದ ಬರುತ್ತದೆಂದು ಅರ್ಜಿದಾರರು ಮತ್ತೆ ಕೋರ್ಟಿಗೆ ಹೋದರು. ಯಾತ್ರೆ ಮುಗಿಯುವ ಹಂತದಲ್ಲಿ, 2025ರ ಜುಲೈ 22ರಂದು, ಕಾನೂನಿನಂತೆ ಇರಬೇಕಾದ ಪರವಾನಗಿ, ನೋಂದಣಿ ಪತ್ರಗಳನ್ನು ತೋರಿಸಿ ಎಂದ ಕೋರ್ಟು ಉಳಿದ ಪ್ರಶ್ನೆಗಳ ಒಳಗೆ ಹೋಗಲಿಲ್ಲ. ಬಾಗಿಲಿನಿಂದ ಬರಲಾಗದ್ದು ಕಿಟಕಿಯಿಂದ ಬರುವುದು ಹೀಗೆ. ಕ್ಯೂಆರ್ ಕೋಡಿನ ಚೌಕಕ್ಕಾದರೂ ಯಾರಾದರೂ ಇಳಿದು ಬಂದು ಮೊಬೈಲು ಹಿಡಿಯಬೇಕು. ವಾಹನಜಾಲದಲ್ಲಿ ಆ ತೊಂದರೆಯೂ ಇಲ್ಲ. "ನಮ್ಮವರ ಅಂಗಡಿ ಮಾತ್ರ ತೋರಿಸು" ಎಂದು ಒಂದು ಸಲ ಒತ್ತಿದರೆ, ಕಾರವಾರದಿಂದ ಬೀದರಿನವರೆಗೆ ನಮ್ಮವರಲ್ಲದವರ ಒಂದು ಒಲೆಯೂ ಕಾಣದ ಹಾಗೆ ದಾರಿಯನ್ನು ತೊಳೆದುಕೊಡುತ್ತದೆ.

ಇಲ್ಲಿ ನಮ್ಮವರಿಗೂ ಒಂದು ಮಾತು. ಪ್ರವಾಸ ಹೊರಟರೆ ನಾವೂ ಮೊಬೈಲಿನಲ್ಲಿ ಹಲಾಲ್ ಎಂದು ಬರೆದು ಹುಡುಕುತ್ತೇವೆ. ತಾನು ತಿನ್ನುವುದು ಏನೆಂದು ತಿಳಿಯುವ ಹಕ್ಕು ಎಲ್ಲರಿಗೂ ಇದೆ. ಸಸ್ಯಾಹಾರಿಗೂ ಇದೆ, ಜೈನರಿಗೂ ಇದೆ, ನಮಗೂ ಇದೆ. ಆದರೆ ಊಟ ಯಾವುದೆಂದು ಕೇಳುವುದು ಬೇರೆ, ಒಲೆ ಯಾರದೆಂದು ಕೇಳುವುದು ಬೇರೆ. ಜೋಳದ ರೊಟ್ಟಿ, ಎಣಗಾಯಿ ಪಲ್ಯ ಬಡಿಸುವ ಲಿಂಗಾಯತ ಖಾನಾವಳಿಯನ್ನು ದಾಟಿ, ಬರೀ ಚಹಾ ಕುಡಿಯಲು "ನಮ್ಮವರ ಹೋಟೆಲು" ಹುಡುಕಿಕೊಂಡು ಮತ್ತೆ ಹತ್ತು ಮೈಲಿ ಹೋಗುವ ಚಾಳಿ ನಮ್ಮ ಹುಡುಗರಿಗೂ ಹತ್ತುತ್ತಿದೆ. ಆ ಜರಡಿಯನ್ನು ನಾವು ಇಂದು ಮೆಚ್ಚಿದರೆ, ನಾಳೆ ಅದೇ ಜರಡಿಯಲ್ಲಿ ನಮ್ಮ ಪಂಕ್ಚರ್ ಅಂಗಡಿ ಸೋಸಿ ಹೋದಾಗ ಅಳುವ ಹಕ್ಕು ನಮಗಿರುವುದಿಲ್ಲ. ಸೊರಟೂರಿನ ಪಕ್ಕದ ಶಿರಹಟ್ಟಿಯ ಫಕೀರೇಶ್ವರನಿಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಆ ಗದ್ದುಗೆಗೆ ಹೊರಟ ಭಕ್ತ ಮೊಬೈಲಿನಲ್ಲಿ ಯಾವ ಗುಂಡಿ ಒತ್ತಬೇಕು?

ಇನ್ನು ರೊಕ್ಕದ ಮಾತು. ಮಾರುಕಟ್ಟೆಯ ವಕೀಲರು ಹೇಳುವುದು ಹೀಗೆ: "ತಂತ್ರಜ್ಞಾನ ಬಡವರಿಗೆ ವರದಾನ. ನಾಲ್ಕು ಪಥದ ಹೆದ್ದಾರಿ ಊರು ಬಿಟ್ಟು ಹೊರಗೆ ಹೋದಾಗ ಒಳಗಿನ ಅಂಗಡಿಗಳು ಸತ್ತವು. ಆ ಅಂಗಡಿಗಳನ್ನು ಹೆದ್ದಾರಿಯವನಿಗೆ ತೋರಿಸುವುದು ಮೊಬೈಲೇ ತಾನೆ?" ಈ ಮಾತಿನಲ್ಲಿ ಸತ್ಯವಿದೆ, ಅದನ್ನು ನಾವು ಒಪ್ಪುತ್ತೇವೆ. ಎಷ್ಟೋ ಖಾನಾವಳಿಗಳಿಗೆ ಬೆಂಗಳೂರಿನ ಗಿರಾಕಿಗಳನ್ನು ತಂದುಕೊಟ್ಟಿದ್ದು ಮೊಬೈಲಿನ ನಕ್ಷೆಯೇ. ಆದರೆ ಅದು ಪುಕ್ಕಟೆ ತೋರಿಸುವವರೆಗೆ ಮಾತ್ರ ಈ ಸತ್ಯ ಬದುಕಿರುತ್ತದೆ. ಕಾಣುವ ಜಾಗ ಹರಾಜಿಗೆ ಬಿದ್ದ ದಿನ ಕೂಗು ಹೆಚ್ಚು ಕೂಗಿದವನದೇ. ಒಂದೇ ಪರದೆ, ಅದರಲ್ಲಿ ಮೂರು ಹೆಸರಿಗೆ ಜಾಗ. ನೂರು ಊರಿನಲ್ಲಿ ಶಾಖೆಯಿರುವ ಹೋಟೆಲು ಒಂದು ಕಡೆ, ಗಿರಮಿಟ್ಟಿನ ಗಾಡಿ ಒಂದು ಕಡೆ. ಈ ಹರಾಜಿನಲ್ಲಿ ಗಾಡಿಯವನು ಗೆಲ್ಲುವುದು ಯಾವ ಲೆಕ್ಕದಲ್ಲಿ? ಸೋತರೂ ತಿಂಗಳ ಕಂತು ಮಾತ್ರ ತಪ್ಪದು. ಅವನು ಅದನ್ನು ಚಹಾದ ಬೆಲೆಗೆ ಸೇರಿಸುತ್ತಾನೆ, ಇಲ್ಲವೆ ಹಾಲಿಗೆ ನೀರು ಸೇರಿಸುತ್ತಾನೆ.

ಪುಕ್ಕಟೆಯೆಂದು ಒಳಗೆ ಕರೆದು ಆಮೇಲೆ ಲೆಕ್ಕ ಕೇಳುವುದರ ರುಚಿ ನಮ್ಮ ಸಣ್ಣ ವ್ಯಾಪಾರಿಗಳಿಗೆ ಹೊಸದೇನಲ್ಲ. ಯುಪಿಐ ಬಳಸಿ, ಡಿಜಿಟಲ್ ಆಗಿ ಎಂದು ಹುರಿದುಂಬಿಸಿದರು. 2025ರ ಜುಲೈಯಲ್ಲಿ ಅದೇ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದವು. ನಮ್ಮ ನೆರೆಯ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು ಸುಮಾರು 29 ಲಕ್ಷ ರೂಪಾಯಿಯ ನೋಟಿಸು. ತಾಜಾ ತರಕಾರಿಗೆ ಆ ತೆರಿಗೆಯೇ ಇಲ್ಲ. ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದಿನ ಕ್ಯೂಆರ್ ಚೀಟಿಗಳು ಹರಿದು ಬಿದ್ದವು, ನಗದು ಮಾತ್ರ ಎಂಬ ಬೋರ್ಡುಗಳು ಎದ್ದವು. ವ್ಯಾಪಾರಿಗಳು ಬಂದ್ ಮಾಡುವುದಾಗಿ ಸಾರಿದ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆಯಬೇಕಾಯಿತು. ತೆರಿಗೆ ಕಟ್ಟಬಾರದೆಂದು ನಾವು ಹೇಳುವುದಿಲ್ಲ. ಸಣ್ಣವನನ್ನು ಯಂತ್ರಕ್ಕೆ ಜೋಡಿಸುವಾಗ ಷರತ್ತುಗಳನ್ನು ಅವನ ಭಾಷೆಯಲ್ಲಿ, ಮೊದಲೇ, ಬಯಲಲ್ಲಿ ಹೇಳಬೇಕು ಎನ್ನುತ್ತೇವೆ. ಜಾಹೀರಾಗಿ.

ಸರಕಾದ ಪ್ರಯಾಣಿಕನ ಗತಿಯೂ ಇದಕ್ಕಿಂತ ಬೇರೆಯಲ್ಲ. ಅವನಿಗೆ ತಕ್ಕ ಜಾಹೀರಾತು ತೋರಿಸಬೇಕಾದರೆ ಅವನು ಎಲ್ಲಿಂದ ಹೊರಟ, ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದೆಲ್ಲ ಗೊತ್ತಿರಬೇಕು. 2025ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಜನರಲ್ ಮೋಟಾರ್ಸ್ ಮೇಲೆ ಹೊರಿಸಿದ ಆರೋಪ ಇದೇ: ಕಾರುಗಳು ಇರುವ ಜಾಗವನ್ನು ಕೆಲವು ಸಲ 3 ಸೆಕೆಂಡಿಗೊಮ್ಮೆ ದಾಖಲಿಸಿ, ಮಾಲೀಕರ ಸರಿಯಾದ ಒಪ್ಪಿಗೆಯಿಲ್ಲದೆ ಆ ಮಾಹಿತಿಯನ್ನು ಮಾರಿದ್ದು. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಅದು ಕಾರಿನೊಳಗಿನವನ ಗುಟ್ಟನ್ನು ಕಾಯಬಹುದು. ಪರದೆಯಲ್ಲಿ ಕಾಣದೆ ಹೋದ ಅಂಗಡಿಯವನಿಗೆ ಅದರಲ್ಲಿ ಆಸರೆಯಿಲ್ಲ. ಇನ್ನು ಜೀವದ ಪ್ರಶ್ನೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವವನು ಎರಡು ಸೆಕೆಂಡು ಪರದೆ ನೋಡಿದರೆ ಅಷ್ಟರಲ್ಲಿ 44 ಮೀಟರ್ ಕುರುಡಾಗಿ ಹೋಗಿರುತ್ತಾನೆ. ಅಪಘಾತ ತಪ್ಪಿಸಲು ಹುಟ್ಟಿದ ಯಂತ್ರವೇ ಮಿರ್ಚಿ-ಭಜಿಯ ಚಿತ್ರ ತೋರಿಸಿ ಅಪಘಾತ ಮಾಡಿಸುವುದು ಎಂಥ ವಿಪರ್ಯಾಸ!

ಹಾಗಾದರೆ ಏನು ಮಾಡಬೇಕು? ಯಂತ್ರವನ್ನು ಒಡೆಯಬೇಕಿಲ್ಲ, ಅದಕ್ಕೆ ನೀಲಿ ಫಲಕದ ನಡತೆ ಕಲಿಸಬೇಕು. ಜಪಾನಿನಲ್ಲಿ 1993ರಿಂದ 'ಮಿಚಿ ನೊ ಎಕಿ' ಎಂಬ ದಾರಿಬದಿಯ ನಿಲ್ದಾಣಗಳಿವೆ. ಈಗ ಅವುಗಳ ಸಂಖ್ಯೆ 1,200 ದಾಟಿದೆ. ವಾಹನ ನಿಲ್ಲಿಸುವ ಜಾಗ, ಶೌಚಾಲಯ ಇಪ್ಪತ್ನಾಲ್ಕು ತಾಸೂ ಪುಕ್ಕಟೆ. ದಾರಿಯ ಮಾಹಿತಿ, ಸುತ್ತಲಿನ ರೈತರ ತರಕಾರಿ, ಹಣ್ಣು, ಊರಿನ ತಿಂಡಿ ಅಲ್ಲಿ ಸಿಗುತ್ತವೆ. ಅವುಗಳ ಹಿಂದೆ ಇರುವುದು ಸ್ಥಳೀಯ ಸಂಸ್ಥೆಗಳು. ಅದೇ ದೇಶದ ಹೆದ್ದಾರಿಗಳ ಕಂಬಗಳು ವಾಹನಗಳಿಗೆ ತಂತಿಯಿಲ್ಲದೆ ಸಂಚಾರದ ಮಾಹಿತಿಯನ್ನೂ ಕೊಡುತ್ತವೆ. ಅಂದರೆ ತಂತ್ರಜ್ಞಾನವನ್ನೂ ಊರಿನ ಮಾನವನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಸಾಧ್ಯವಿದೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ರಸ್ತೆ ಜನರದು, ತರಂಗಾಂತರವೂ ಜನರದು. ಅವುಗಳ ಮೂಲಕ ಹೋಗುವ ದಾರಿಬದಿಯ ಮಾಹಿತಿಯಲ್ಲಿ ಏನು ಸಿಗುತ್ತದೆ, ಎಷ್ಟು ದೂರ ಎಂಬ ಎರಡೇ ಸಂಗತಿ ಇರಲಿ. ಹತ್ತಿರದ್ದು ಮೊದಲು ಬರಲಿ, ರೊಕ್ಕ ಕೊಟ್ಟದ್ದು ಮೊದಲು ಬರುವುದು ಬೇಡ. ಅಂಗಡಿಗಳಿಗೆ ಪರವಾನಗಿ ಕೊಡುವ ಗ್ರಾಮ ಪಂಚಾಯಿತಿಯೇ ಈ ಪಟ್ಟಿಯನ್ನೂ ಮಾಡಲಿ, ಅದರಲ್ಲಿ ಗಾಡಿ, ಗೂಡಂಗಡಿಗಳೂ ಇರಲಿ. ಮಾಲೀಕನ ಹೆಸರು, ಜಾತಿ, ಧರ್ಮ ಹಿಡಿದು ಸೋಸುವ ಜರಡಿಯನ್ನು ಕಾನೂನು ಒಪ್ಪಬಾರದು. ಓಡುವ ವಾಹನದಲ್ಲಿ, ಜೀವರಕ್ಷಣೆಯ ಸಂದೇಶದ ಜೊತೆಯಲ್ಲಿ ಜಾಹೀರಾತು ಸೇರಿಸುವುದನ್ನು ನಿಷೇಧಿಸಬೇಕು. ಖಾಸಗಿ ಕಂಪನಿಗಳು ರೊಕ್ಕ ಪಡೆದು ತೋರಿಸುವುದಾದರೆ "ಇದು ರೊಕ್ಕ ಕೊಟ್ಟವರದು" ಎಂದು ಕನ್ನಡದಲ್ಲಿ ಬರೆಯಲಿ. ಯಾರು ಎಷ್ಟು ಕೊಟ್ಟರು, ಯಾರಿಗೆ ತೋರಿಸಿದರು, ಯಾರಿಗೆ ತೋರಿಸಲಿಲ್ಲ ಎಂಬ ಲೆಕ್ಕವನ್ನು ಯಾರು ಬೇಕಾದರೂ ನೋಡುವಂತೆ ಬಯಲಲ್ಲಿಡಲಿ. ಜಾಹೀರಾತು ಎಂಬ ಹೆಸರು ಬೇಕಾದವರು ಜಾಹೀರಾಗಲಿಕ್ಕೂ ತಯಾರಿರಬೇಕು.

ಮೊನ್ನೆ ಮತ್ತೆ ಸೊರಟೂರಿಗೆ ಹೋಗಿದ್ದೆವು. ಚಾಚಾನ ತಗಡಿನ ಬೋರ್ಡು ಹಾಗೆಯೇ ಇದೆ. ಅದರಲ್ಲಿ ಅವನ ಹೆಸರಿಲ್ಲ. ಬಣ್ಣ ಮಾಸಿದ ಒಂದು ಲೋಟ, ಅದರ ಮೇಲೆ ಹೊಗೆಯ ಎರಡು ಗೆರೆ, ಕೆಳಗೆ 'ಚಹಾ' ಎಂಬ ಎರಡೇ ಅಕ್ಷರ. ಹೊಲಕ್ಕೆ ಹೊರಟ ಗೌಡರೊಬ್ಬರು ಗಾಡಿ ನಿಲ್ಲಿಸಿ ಒಂದು ಚಹಾ ಹೇಳಿದರು. ಆ ಹುಡುಗ ತಿರುಗಿ ಬಂದಿದ್ದನೇ ಎಂದು ನಾವು ಕೇಳಿದೆವು.

"ಬಂದಿದ್ದ್ರೀ ಸಾಹೇಬ್ರ. ಆಜುಬಾಜು ನಾಕ್ ಅಂಗಡಿಯವರು ಕಟ್ಟ್ಯಾರಂತ ಹೇಳಿದ. ಯಾರ್ ಕಟ್ಟ್ಯಾರೋ ಅಂದ್ರ ಹೇಳಲಿಲ್ಲ. ಹೇಳಬಾರದಂತ."

ಗೌಡರು ಲೋಟ ಕೆಳಗಿಟ್ಟು, "ಹೇಳಬಾರದಂದ್ರ ಅದೆಂಥಾ ಜಾಹೀರಾತೋ ಚಾಚಾ? ಬರೋ ಗ್ರಾಮಸಭಾದಾಗ ಕೇಳೂಣು ತಗೋ" ಎಂದರು. ಆ ಸಭೆಗೆ ನಾವೂ ಹೋಗುವವರಿದ್ದೇವೆ. ರಸ್ತೆ ಬದಿಗೆ ಊರಿರುವ ಪ್ರತಿಯೊಬ್ಬರೂ ತಮ್ಮ ತಮ್ಮ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆ ಕೇಳಬೇಕೆಂದು ನಮ್ಮ ವಿನಂತಿ.